ಇಲ್ಲಿ ವೈಯಕ್ತಿಕ ಆಸಕ್ತಿ ತುಂಬಿಕೊಡಲಾಗುತ್ತದೆ

ಸಿದ್ದಾಪುರದ ತಾಲೂಕು ಕಚೇರಿಯ ಎದುರು ಇಪ್ಪತ್ತೆರಡು ವರ್ಷಗಳಿಂದ ಊರಿನವರ ಅರ್ಜಿ ತುಂಬುತ್ತ ಬಂದಿರುವ ನನಗೆ ಸ್ವಂತ ಮನೆಯಲ್ಲಿ ಮಾತ್ರ ಮೂರು ಕಾಸಿನ ಬೆಲೆಯಿಲ್ಲ. ರೇಷನ್ ಕಾರ್ಡಿನಿಂದ ಹಿಡಿದು ಮರಣ ಪ್ರಮಾಣಪತ್ರದವರೆಗೆ ಮನುಷ್ಯನ ಜನ್ಮಕ್ಕೆ ಬೇಕಾದ ಸಕಲ ಕಾಗದಪತ್ರಗಳೂ ನನ್ನ ಮೇಜು ದಾಟಿಯೇ ಒಳಗೆ ಹೋಗಬೇಕು. ತಹಶೀಲ್ದಾರರು ಬರುತ್ತಾರೆ, ಹೋಗುತ್ತಾರೆ. 'ಸುಭಾಷ ಜೆರಾಕ್ಸ್' ಮಾತ್ರ ಅಲ್ಲೇ ಇದೆ. ಹಳ್ಳಿಯವರು ನನ್ನನ್ನು ಬಾಯ್ತುಂಬ "ಸುಭಾಷಣ್ಣ" ಅನ್ನುತ್ತಾರೆ. ಕೆಲವರು ವಕೀಲರೆಂದೇ ತಿಳಿದು ಕೈ ಮುಗಿಯುತ್ತಾರೆ. (ನಾನೂ ತಿದ್ದಲು ಹೋಗುವುದಿಲ್ಲ.) ಸಂಜೆ ಮನೆಗೆ ಬಂದರೆ ಹೆಂಡತಿ ತನುಜಾ ಬಾಗಿಲಲ್ಲೇ ಶುರುಮಾಡುತ್ತಾಳೆ.

"ಊರವ್ರ ಹಣೆಬರಹ ಎಲ್ಲ ಬರೆದು ಮುಗೀತಾ? ಕೊತ್ತಂಬರಿ ಸೊಪ್ಪು ತನ್ನಿ ಅಂತ ಚೀಟಿ ಬರೆದು ಕಿಸೆಗೆ ಹಾಕಿದ್ದೆ, ಎಲ್ಲಿ?"

"ಚೀಟಿ ಕಿಸೆಯಲ್ಲೇ ಇದ್ಯಲ್ಲೆ."

"ಚೀಟಿ ಹಾಕಿ ಸಾರು ಮಾಡೂಕೆ ಬತ್ತದಾ? ನಿಮ್ಮ ಹತ್ರ ಅರ್ಜಿ ತುಂಬಿಸ್ಕೊಂಬವ್ರ ಗ್ರಹಚಾರ ಮಾರಾಯ್ರೆ!"

ನನ್ನ ವೃತ್ತಿಯ ಮೂಲಮಂತ್ರ ಒಂದೇ: ಕಾಲಂ ಖಾಲಿ ಬಿಡಬಾರದು. ಖಾಲಿ ಕಾಲಂ ಕಂಡರೆ ಗುಮಾಸ್ತರಿಗೆ ಅರ್ಜಿಯನ್ನು ವಾಪಸ್ ಎಸೆಯುವ ಹುಮ್ಮಸ್ಸು ಬಂದುಬಿಡುತ್ತದೆ. ಹೆಸರು, ವಿಳಾಸ, ತಂದೆಯ ಉದ್ಯೋಗ, ಇದನ್ನೆಲ್ಲ ಯಾರಾದರೂ ಹೇಳಿಯಾರು. ನಮ್ಮ ಜನ ತೊಡರುವುದು 'ಹವ್ಯಾಸ' ಅನ್ನುವ ಕಡೆ. ಒಮ್ಮೆ ಕಲ್ಲಯ್ಯ ಎಂಬ ಗೃಹಸ್ಥರನ್ನು "ನಿಮ್ಮ ಹವ್ಯಾಸ ಎಂತ?" ಎಂದು ಕೇಳಿದೆ. ಅವರು ಐದು ನಿಮಿಷ ತಲೆಯ ಮೇಲಿನ ಮಾಡು ನೋಡುತ್ತ ಆಲೋಚಿಸಿ, "ಎರಡು ಎಮ್ಮೆ" ಎಂದರು. ನಾನು 'ಹೈನುಗಾರಿಕೆ' ಎಂದು ಬರೆದೆ. ಅಂದಿನಿಂದ ಕೇಳುವುದನ್ನೇ ಬಿಟ್ಟೆ. 'ಓದುವುದು, ತೋಟಗಾರಿಕೆ, ಸಮಾಜಸೇವೆ' ಎಂದು ಎಲ್ಲರಿಗೂ ಒಂದೇ ಸಮನೆ ಜಡಿದುಬಿಡುವುದು. ಈ ತಾಲೂಕಿನ ಯುವಜನತೆಗೆ ಹವ್ಯಾಸಗಳನ್ನು ದಯಪಾಲಿಸಿದ ಮಹಾನುಭಾವ ನಾನು. ನಾನಿಲ್ಲದಿದ್ದರೆ ಅವರೆಲ್ಲ ನಿರಾಸಕ್ತರಾಗಿಯೇ ಉಳಿಯುತ್ತಿದ್ದರು.

ನಮಗೆ ಒಬ್ಬಳೇ ಮಗಳು, ರಕ್ಷಿತಾ. ಬಿಎಸ್ಸಿ ಕೊನೆಯ ವರ್ಷ. ಅಂಗನವಾಡಿಯಿಂದ ಕಾಲೇಜಿನ ತನಕ ಅವಳ ಒಂದೊಂದು ಅರ್ಜಿಯನ್ನೂ ತುಂಬಿದ್ದು ನಾನೇ. ಅವಳದು ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ, ನನ್ನದು ಮುತ್ತು ಪೋಣಿಸಿದ್ದು. ಹಾಗಾಗಿ ಸರ್ಕಾರಿ ಕಡತಗಳ ಮಟ್ಟಿಗೆ ನನ್ನ ಮಗಳ ಕೈಬರಹವೆಂದರೆ ನನ್ನ ಕೈಬರಹವೇ. 'ಭವಿಷ್ಯದ ಗುರಿ' ಎಂದಿದ್ದಲ್ಲಿ ಅವಳ ಏಳನೇ ತರಗತಿಯಿಂದ 'ಕೆಎಎಸ್ ಅಧಿಕಾರಿ' ಎಂದು ಬರೆಯುತ್ತ ಬಂದಿದ್ದೇನೆ. ಅವಳು ಒಮ್ಮೆಯೂ ಬೇಡ ಅನ್ನಲಿಲ್ಲ. (ಅವಳನ್ನು ಒಮ್ಮೆಯೂ ಕೇಳಿರಲಿಲ್ಲ ಅನ್ನುವುದೂ ನಿಜ.)

ಮಗಳಿಗೆ ಅವಳದೇ ಒಂದು ಆಸಕ್ತಿ ಇದೆಯೆಂದು ನಮಗೆ ಗೊತ್ತಾದದ್ದು ಅವಳ ಕೆನ್ನೆಯಿಂದ. ಫೆಬ್ರವರಿ ತಿಂಗಳ ಒಂದು ಸಂಜೆ ಕೆನ್ನೆಯ ಮೇಲೆ ನಾಲ್ಕಾಣೆ ಅಗಲದ ಸುಟ್ಟ ಕಲೆ ಹೊತ್ತು ಮನೆಗೆ ಬಂದಳು. ತನುಜಾ ಹೌಹಾರಿದಳು.

"ಎಂತ ಮಾಡ್ಕೊಂಡ್ಯೇ ಇದು? ಮದುವೆ ಆಗ್ಬೇಕಾದ ಹುಡುಗಿ!"

"ಎಂತ ಇಲ್ಲ ಅಮ್ಮ, ಮಾವಿನ ಸೊನೆ ಹಾರ್ತು. ತೊಟ್ಟು ಮುರಿದು ಮೂಸ್ತಾ ಇದ್ದೆ."

"ಮೂಸ್ತಾ ಇದ್ಯಾ? ಕಾಲೇಜಿಗೆ ಹೋಗಿ ಮೂಸ್ತ್ಯಾ?"

ಸಂಗತಿ ಇಷ್ಟೇ. ನಮ್ಮ ಕಡೆ ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಗೊತ್ತಲ್ಲ, ಹಳ್ಳ ಹೊಳೆಗಳ ದಂಡೆಯ ಕಾಡುಮಾವಿನ ಎಳೆಕಾಯಿ. ಒಂದೊಂದು ಮರದ್ದು ಒಂದೊಂದು ವಾಸನೆ. ಒಂದು ಜೀರಿಗೆಯದ್ದು, ಒಂದು ಕರ್ಪೂರದ್ದು, ಇನ್ನೊಂದಕ್ಕೆ ಹೆಸರೇ ಇಲ್ಲ. ನನ್ನ ತಾಯಿ ಸುಬ್ಬಿ ನಿಲ್ಕುಂದ ಕಡೆಯವಳು, ನಮ್ಮ ಜೊತೆಗೇ ಇದ್ದಾಳೆ. ತೊಟ್ಟು ಮುರಿದು ಮೂಗಿಗೆ ಹಿಡಿದರೆ ಮಿಡಿ ಎಷ್ಟು ವರ್ಷ ಕೆಡದೆ ಉಳಿಯುತ್ತದೆಂದು ಹೇಳುವವಳು. ಆ ವಿದ್ಯೆಯನ್ನು ಮೊಮ್ಮಗಳ ಮೂಗಿಗೆ ದಾಟಿಸಿದ್ದಳು. ರಕ್ಷಿತಾ ಭಾನುವಾರವೆಲ್ಲ ಸಹಪಾಠಿ ದೇವಿಯ ಜೊತೆ ಹಳ್ಳದ ದಂಡೆ ಸುತ್ತುತ್ತಿದ್ದಳಂತೆ. ದೇವಿ ಎಂದರೆ ಮಿಡಿ ಕೊಯ್ಯುವ ಬೈರನ ಮಗಳು. ಬೈರನದು ಮಿಡಿಯನ್ನು ನೆಲಕ್ಕೆ ಬೀಳಿಸದೆ ತೊಟ್ಟು ಸಮೇತ ಬುಟ್ಟಿಗಿಟ್ಟು ಹಗ್ಗದಲ್ಲಿ ಇಳಿಸುವ ಕೈ. ಆ ಹುಡುಗಿಯೂ ಅಪ್ಪನ ಹಾಗೇ ಸರಸರ ಮರ ಹತ್ತುತ್ತಾಳೆ. ಅವಳು ಮೇಲಿನಿಂದ ಇಳಿಸುವುದು, ಇವಳು ಕೆಳಗೆ ನಿಂತು ಮೂಸಿ ಪುಸ್ತಕದಲ್ಲಿ ಬರೆದುಕೊಳ್ಳುವುದು. ನನ್ನ ಕೆಎಎಸ್ ಅಧಿಕಾರಿ ಮರದ ಬುಡದಲ್ಲಿ ನಿಂತು ಮೂಗು ಅರಳಿಸುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿ ನನಗೆ ಅನ್ನ ಸೇರಲಿಲ್ಲ.

ಮಾರ್ಚ್ ತಿಂಗಳಲ್ಲಿ ಅವಳು ಒಂದು ಫಾರಂ ತಂದಳು. ಯಲ್ಲಾಪುರದಾಚೆ, ಇಡಗುಂದಿಯನ್ನೂ ದಾಟಿ ಕಾಡಿನಂಚಿಗೆ ಹಣ್ಣಿನ ಗಿಡಗಳ ತರಬೇತಿ ಕೇಂದ್ರವೊಂದು ಇದೆಯಂತೆ. ಒಂದು ವರ್ಷ ಅಲ್ಲೇ ಉಳಿದು ಕಸಿ ಕಟ್ಟುವುದು, ತಳಿ ಉಳಿಸುವುದು ಎಲ್ಲ ಕಲಿಸುತ್ತಾರಂತೆ. ಹನ್ನೆರಡೇ ಸೀಟು. ಡಿಗ್ರಿ ಕೊನೆಯ ವರ್ಷದಲ್ಲಿ ಓದುತ್ತಿರುವವರು ಮಾತ್ರ ಅರ್ಜಿ ಹಾಕಬಹುದು. ಈ ವರ್ಷ ತಪ್ಪಿದರೆ ತಪ್ಪಿದಂತೆಯೇ. ಅಂಕಪಟ್ಟಿಗಿಂತ ಅವರು ನೋಡುವುದು ಎರಡು ಪ್ರಶ್ನೆಗಳ ಉತ್ತರ. ನಿಮ್ಮ ವೈಯಕ್ತಿಕ ಆಸಕ್ತಿ ಯಾವುದು, ಅದನ್ನು ಹೇಗೆ ಕಂಡುಕೊಂಡಿರಿ? ಮುಂದಿನ ಐದು ವರ್ಷಕ್ಕೆ ನಿಮ್ಮ ಯೋಜನೆ ಏನು? ಸ್ವಂತ ಅಕ್ಷರದಲ್ಲಿ, ಕೈಯಾರೆ ಬರೆಯಬೇಕು.

"ಕೊಡು, ರಾತ್ರಿ ಊಟಕ್ಕೆ ಮುಂಚೆ ತುಂಬಿ ಇಡ್ತೆ" ಎಂದು ಕೈ ಚಾಚಿದೆ.

"ಬೇಡ ಅಪ್ಪ. ನಾನೇ ಬರೆದೆ. ನಾಲ್ಕು ಪುಟ ಆಯ್ತು. ನೀನು ನಾಳೆ ಸ್ಪೀಡ್ ಪೋಸ್ಟ್ ಮಾಡು ಸಾಕು. ಅಪ್ಪ, ಇದು ಸಿಕ್ಕಿದ್ರೆ ನಂಗೆ ಬೇರೆ ಎಂತದೂ ಬೇಡ."

ಹುಟ್ಟಿದಾಗಿನಿಂದ ನನ್ನ ಹತ್ತಿರ ಅವಳು ಏನನ್ನೂ ಹೀಗೆ ಕೇಳಿದವಳಲ್ಲ. ಹಾಗೆ ಕೇಳುವಾಗ ಅವಳ ದನಿ ಸಣ್ಣಗೆ ನಡುಗಿತ್ತು. ಅದನ್ನು ನಾನು ಗಮನಿಸಿದ್ದೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ, ಇಲ್ಲವಾದರೆ ಮುಂದಿನದನ್ನು ಹೇಳುವುದರಲ್ಲಿ ಅರ್ಥವಿಲ್ಲ.

ಮರುದಿನ ಅಂಗಡಿಯಲ್ಲಿ ಲಕೋಟೆಗೆ ಅಂಟು ಹಚ್ಚುವ ಮೊದಲು, ವೃತ್ತಿಧರ್ಮವೆಂದು, ಮೊದಲ ಪುಟ ಓದಿದೆ. ಓದಿ ಬೆವತೆ.

'ನನ್ನ ಆಸಕ್ತಿ ನನ್ನ ಮೂಗು. ಕಣ್ಣು ಕಟ್ಟಿ ಕೂರಿಸಿ ಮಾವಿನ ಎಲೆ ಹಿಸುಕಿ ಕೊಟ್ಟರೆ ಅದು ಯಾವ ಹಳ್ಳದ ದಂಡೆಯ ಮರದ್ದು ಎಂದು ಹೇಳುತ್ತೇನೆ. ಇದುವರೆಗೆ ನಲವತ್ತೊಂದು ಮರ ಕಲಿತಿದ್ದೇನೆ. ಒಂದು ಸಲ ಮಾತ್ರ ತಪ್ಪು ಹೇಳಿದೆ. ಅವತ್ತು ನನಗೆ ನೆಗಡಿಯಾಗಿತ್ತು.'

ನೆಗಡಿ! ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಅರ್ಜಿಯೊಳಗೆ ನೆಗಡಿಯನ್ನು ನಾನು ಕಂಡಿರಲಿಲ್ಲ. ಅಕ್ಷರವಂತೂ ದೇವರಿಗೇ ಪ್ರೀತಿ. ಇದನ್ನು ಕಳಿಸಿದರೆ ಸೀಟಿನ ಮಾತಿರಲಿ, ಅಪ್ಪ ಯಾರು ಎಂದು ಹುಡುಕಿಕೊಂಡು ಬಂದಾರು ಎನಿಸಿತು. ಮುಂದಿನ ಮೂರು ಪುಟ ತಿರುಗಿಸಿಯೂ ನೋಡದೆ ಡ್ರಾಯರಿಗೆ ಹಾಕಿದೆ. ಹೊಸ ಫಾರಂ ತೆಗೆದೆ. ಮಗಳ ಭವಿಷ್ಯ, ಸಣ್ಣ ವಿಷಯವೇ? ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು ಬರೆಯಲು ಕುಳಿತೆ.

'ಸಸ್ಯಸಂಪತ್ತಿನ ಬಗ್ಗೆ ನನಗೆ ಬಾಲ್ಯದಿಂದಲೂ ಅಪಾರ ಒಲವು. ನನ್ನ ಪೂಜ್ಯ ಅಜ್ಜಿಯವರು ಮಾವಿನ ಮರದ ಬುಡದಲ್ಲಿ ಕೊನೆಯುಸಿರೆಳೆಯುವಾಗ ನನ್ನ ಕೈ ಹಿಡಿದು, "ಮಗು, ಈ ಹಸಿರನ್ನು ನಿನಗೆ ಒಪ್ಪಿಸಿದ್ದೇನೆ" ಎಂದರು. ಅಂದೇ ಅಜ್ಜಿಯ ಚಿತೆಗೆ ನಮಸ್ಕರಿಸಿ ಪಣ ತೊಟ್ಟೆ...'

ಬರೆಯುತ್ತ ಬರೆಯುತ್ತ ನನಗೇ ಅಳು ಬಂತು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅರ್ಧ ಬಾಗಿಲಿನ ಕೆಳಗಿಂದ ಪೂಜ್ಯ ಅಜ್ಜಿಯವರೇ ತಲೆ ಒಳಗೆ ಹಾಕಿದರು. ಸಂತೆಗೆ ಬಂದವಳು ಹಾಗೇ ಹೊಕ್ಕಿದ್ದಳು, ಕಂಕುಳಲ್ಲಿ ಒಂದು ಕುಂಬಳಕಾಯಿ.

"ಎಂತದಾ ಮಗಾ, ಅಳ್ತ್ಯಾ? ಹೆಂಡ್ತಿ ಬೈದಳಾ?"

"ಇಲ್ಲ ಅಮ್ಮ. ಕಣ್ಣಿಗೆ ಕಸ."

"ಹಂಗಾದ್ರೆ ಏಳು. ನಂಗೊಂದು ಬನ್ನು ಚಾ ಕೊಡಿಸು."

ತೀರಿಕೊಂಡವಳಿಗೆ ಬನ್ನು, ಚಹಾ ಕೊಡಿಸಿ ಬಂದು ಅರ್ಜಿಯನ್ನು ಸ್ಪೀಡ್ ಪೋಸ್ಟ್ ಮಾಡಿದೆ.

ಅಲ್ಲಿಗೇ ನಿಲ್ಲಿಸಿದ್ದರೆ ಬಹುಶಃ ಸೀಟು ಬರುತ್ತಿತ್ತೇನೋ. ಮರುದಿನ ಒಬ್ಬ ಹುಡುಗ ಅದೇ ಫಾರಂ ಹಿಡಿದು, "ಸುಭಾಷಣ್ಣ, ವೈಯಕ್ತಿಕ ಆಸಕ್ತಿ ಅಂದ್ರೆ ಎಂತ ಬರೀಬೇಕು?" ಎಂದು ತಲೆ ಕೆರೆದ. ನನ್ನ ಆ ಅಮರ ಕೃತಿ ಒಬ್ಬಳ ಲಕೋಟೆಯಲ್ಲಿ ಅಡಗಿ ಕೂರುವುದೆಂದರೆ ನನಗೂ ಸಂಕಟವೇ. ಕರಡು ಪ್ರತಿ ಹೇಗೂ ಇತ್ತು. ಒಂದು ಜೆರಾಕ್ಸ್ ತೆಗೆದು ಕೊಟ್ಟೆ. ಇದನ್ನು ನೋಡಿ ನಿನ್ನ ಅಕ್ಷರದಲ್ಲಿ ಇಳಿಸು ಎಂದೆ. ಅವನು ಓದಿ ಮೂಗು ಒರೆಸಿಕೊಂಡು, "ಎಂತ ಬರೆದ್ರಿ ಮಾರಾಯ್ರೆ!" ಎಂದ. ಆ ಒಂದು ಮಾತಿಗೆ ನಾನು ಕೆಟ್ಟೆ. ಸಂಜೆಯೊಳಗೆ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬೋರ್ಡು ಬರೆದು ನೇತುಹಾಕಿದೆ: 'ಇಲ್ಲಿ ವೈಯಕ್ತಿಕ ಆಸಕ್ತಿ ತುಂಬಿಕೊಡಲಾಗುತ್ತದೆ.' ಆ ಹುಡುಗನೂ ಸೇರಿ ಹತ್ತು ದಿನದಲ್ಲಿ ಹದಿನೇಳು ಮಕ್ಕಳು ಬಂದು ಹದಿನೇಳು ಪ್ರತಿ ಒಯ್ದರು. ಮಗಳಿಗೆ ಇದರಿಂದ ಪೆಟ್ಟು ಬಿದ್ದೀತೆಂದು ಹೊಳೆಯಲಿಲ್ಲವೆ ಎಂದು ನೀವು ಕೇಳಬಹುದು. ಇಲ್ಲ ಸ್ವಾಮಿ. ಮೂಲಪ್ರತಿ ನನ್ನ ಮಗಳದ್ದು, ಮೊದಲು ಹೋದದ್ದೂ ಅದೇ ಎಂಬ ಜಂಬದಲ್ಲಿದ್ದೆ.

ಕೊನೆಯ ದಿನ ಬೈರ ಮಗಳನ್ನು ಕರೆದುಕೊಂಡು ಬಂದ. ಅಷ್ಟರಲ್ಲಿ ಯಂತ್ರದ ಟೋನರ್ ಮುಗಿದಿತ್ತು, ಜೆರಾಕ್ಸ್ ಬದಲು ಬಿಳೀ ಹಾಳೆ ಹೊರಗೆ ಬರುತ್ತಿತ್ತು.

"ಇವತ್ತು ಆಗೂದಿಲ್ಲ ಬೈರ. ಅವಳಿಗೇ ಏನಾದ್ರೂ ಗೀಚೂಕೆ ಹೇಳು" ಎಂದೆ.

"ಇವಳು ಎಂತ ಗೀಚ್ತಾಳೆ ಸುಭಾಷಣ್ಣ? ಮರ ಹತ್ತೂದೊಂದು ಗೊತ್ತು."

"ಅದನ್ನೇ ಬರೀಲಿ ಬಿಡು" ಎಂದೆ. ಪಾಪದ ಹುಡುಗಿ, ನನ್ನ ಅರ್ಜಿಯ ಅಜ್ಜಿಯ ಆಶೀರ್ವಾದವಿಲ್ಲದೆ ಹೋದಳಲ್ಲ ಎಂದು ಮರುಗಿದೆ.

ಒಂದು ತಿಂಗಳು ಕಳೆಯಿತು. ರಕ್ಷಿತಾ ದಿನಾ ಸಂಜೆ ನಾನು ಚಪ್ಪಲಿ ಕಳಚುವ ಮೊದಲೇ, "ಎಂತಾದ್ರೂ ಬಂತಾ ಅಪ್ಪ?" ಎಂದು ಕೇಳುವಳು. ಅಲ್ಲಿಗೆ ಒಯ್ಯಬೇಕೆಂದು ನಲವತ್ತೊಂದು ಮರದ ಎಲೆಗಳನ್ನು ಒಣಗಿಸಿ ಹಳೆಯ ಕ್ಯಾಲೆಂಡರ್ ಹಾಳೆಗಳ ನಡುವೆ ಇಟ್ಟಿದ್ದಳು. ತನುಜಾ ಬೈಯುತ್ತ ಬೈಯುತ್ತಲೇ ಅವಳಿಗೆ ಎರಡು ಚೂಡಿದಾರ ಹೊಲಿಸಿದಳು, ಒಂದು ಹೊಸ ಬೆಡ್‌ಶೀಟ್ ತಂದಳು. ನನ್ನ ತಾಯಿ ಸಣ್ಣ ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ ತುಂಬಿ ಬಾಯಿ ಕಟ್ಟಿದಳು. ಅಪ್ಪನಾದ ನಾನು ಒಳಗೊಳಗೇ ಹಿಗ್ಗಿದೆ. ಸೀಟು ಬಂದ ದಿನ, "ಅದು ನಿನ್ನ ನೆಗಡಿಗೆ ಬಂದದ್ದಲ್ಲ ಮಗಳೇ" ಎಂದು ಗುಟ್ಟು ಒಡೆಯುವ ಸಂಭಾಷಣೆಯನ್ನೂ ಸಿದ್ಧ ಮಾಡಿಟ್ಟಿದ್ದೆ.

ಪಟ್ಟಿ ಬಂದದ್ದು ಮೊಬೈಲಿನಲ್ಲಿ. ಹನ್ನೆರಡು ಹೆಸರು. ಸಿದ್ದಾಪುರದಿಂದ ಒಂದೇ ಒಂದು: ದೇವಿ.

ರಕ್ಷಿತಾ ಪಟ್ಟಿಯನ್ನು ಮೂರು ಸಲ ಮೇಲೆ ಕೆಳಗೆ ಮಾಡಿದಳು. ಆಮೇಲೆ ಎದ್ದು ಬೈರನ ಮನೆಗೆ ಹೋಗಿ ದೇವಿಗೆ ಸಕ್ಕರೆ ತಿನ್ನಿಸಿ ಬಂದಳು. ಬಂದವಳು ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತವಳು ಊಟಕ್ಕೂ ಏಳಲಿಲ್ಲ. ನಾನು ಹತ್ತಿರ ಹೋದೆ.

"ಅಪ್ಪ, ನೀನು ಎಷ್ಟೋ ಅರ್ಜಿ ನೋಡಿದವ. ನನ್ನ ನಾಲ್ಕು ಪುಟದಲ್ಲಿ ಎಂತ ತಪ್ಪಿತ್ತು, ಹೇಳು. ನಂಗೆ ಸಿಟ್ಟಿಲ್ಲ. ತಿಳ್ಕೊಳ್ಳೂಕೆ ಕೇಳ್ತೆ."

"ತಪ್ಪೆಂತ ಇಲ್ಲ ಮಗಾ. ಎಲ್ಲ ಕಡೆ ವಶೀಲಿ ನಡೀತದೆ" ಎಂದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಕಾಲಂ ತುಂಬಿಸಲೆಂದು ಹೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ಆದರೆ ಆ ರಾತ್ರಿ ಹೇಳಿದ್ದು ಹೊಟ್ಟೆಯಲ್ಲಿ ಕೂತುಬಿಟ್ಟಿತು.

"ಹಂಗಾದ್ರೆ ನೀವೇ ಹೋಗಿ ಕೇಳಿ ಬನ್ನಿ" ಎಂದಳು ತನುಜಾ, ಬಾಗಿಲಲ್ಲಿ ನಿಂತು. "ಊರವ್ರಿಗೆಲ್ಲ ದೊಡ್ಡ ಮನುಷ್ಯ ಅಲ್ದಾ? ಮಗಳಿಗೆ ಒಂದು ದಿನ ದೊಡ್ಡ ಮನುಷ್ಯ ಆಗಿ."

ಮೊದಲ ಬಾರಿಗೆ ಅವಳ ಮಾತಿನಲ್ಲಿ ಕುಟುಕು ಇರಲಿಲ್ಲ. ನಿಜವಾಗಿ ನನ್ನನ್ನು ನಂಬಿ ಹೇಳಿದ್ದಳು. ಮರುದಿನ ಡ್ರಾಯರಿನಿಂದ ಆ ನಾಲ್ಕು ಪುಟ ತೆಗೆದು ಅಂಗಿಯ ಒಳಗೆ ಇಟ್ಟುಕೊಂಡು ಹೊರಟೆ. ಶಿರಸಿಯಲ್ಲಿ ಒಂದು ಬಸ್ಸು ಬದಲಿಸಿ, ಯಲ್ಲಾಪುರದಲ್ಲಿ ಇನ್ನೊಂದು ಬದಲಿಸಿ, ಮಧ್ಯಾಹ್ನ ಹನ್ನೆರಡಕ್ಕೆ ಕೇಂದ್ರದ ಬಾಗಿಲಲ್ಲಿ ನಿಂತೆ.

ಅಲ್ಲಿಯ ಮುಖ್ಯಸ್ಥೆ ಧಾರವಾಡ ಕಡೆಯ ಒಬ್ಬ ಮೇಡಂ. ಕೈಯಲ್ಲಿ ಮಣ್ಣು ಮೆತ್ತಿಕೊಂಡಿತ್ತು. ನನ್ನ ಊರಿನ ಹೆಸರು ಹೇಳಿದೆ.

"ಬರ್ರಿ, ಕೂಡ್ರಿ. ಸಿದ್ದಾಪುರದವ್ರೇನ್ರಿ? ಛಲೋ ಆತು ಬಂದದ್ದು. ನಿಮ್ಮೂರಾಗಿಂದು ಒಂದು ವಿಚಿತ್ರ ತೋರಸ್ತೀನಿ ನೋಡ್ರಿ" ಎಂದು ಒಂದು ಕಟ್ಟು ಅರ್ಜಿಗಳನ್ನು ಮೇಜಿನ ಮೇಲೆ ಇಟ್ಟರು. "ಹದಿನೆಂಟು ಮಕ್ಕಳು. ಹದಿನೆಂಟೂ ಮಕ್ಕಳಿಗೆ ಒಬ್ಬಾಕೀನ ಅಜ್ಜಿ! ಒಂದೇ ಮರದ ಬುಡಕ್ಕ ಸತ್ತಾಳ, ಒಂದೇ ಮಾತು ಹೇಳಿ ಸತ್ತಾಳ. ಇಲ್ಲಿ ಒಬ್ಬಾಂವ ಶ್ಯಾಣ್ಯಾ ಅಜ್ಜಿನ್ನ ತಗದು ಅಜ್ಜನ್ನ ಹಾಕ್ಯಾನ. ನಾಕು ಸಾಲು ಮುಂದ ಹೋಗಿ ಮರತು ಅಜ್ಜಿಯ ಚಿತೆಗೆ ನಮಸ್ಕಾರ ಮಾಡ್ಯಾನ!"

ನಾನು ನಗಲು ಪ್ರಯತ್ನಿಸಿದೆ.

"ನಗೂ ಮಾತಲ್ಲರಿ ಇದು" ಎಂದರು ಅವರು. "ಯಾವನೋ ಒಬ್ಬಾಂವ ಬರದು ಹಂಚ್ಯಾನ. ಹದಿನೆಂಟು ಮಕ್ಕಳ ಬಾಯಾಗ ಮಣ್ಣು ಹಾಕ್ಯಾನ. ಈ ಮಕ್ಕಳು ಖರೇ ಏನು ಬೇಕಂತಿದ್ರು ಅಂತ ನನಗ ಹೆಂಗ ಗೊತ್ತಾಗಬೇಕು, ಹೇಳ್ರಿ? ನಿಮ್ಮೂರಿಂದ ಒಬ್ಬಾಕಿ ಅಷ್ಟ ತನ್ನ ಮಾತು ಬರದಾಳ. ಕೇಳ್ರಿ ಇಲ್ಲೆ."

ದೇವಿಯ ಅರ್ಜಿ ತೆಗೆದು ಓದಿದರು. 'ನನಗೆ ಮರ ಹತ್ತಲು ಬರುತ್ತದೆ. ಎಷ್ಟು ಎತ್ತರದ್ದಾದರೂ ಹತ್ತುತ್ತೇನೆ. ವಾಸನೆ ನೋಡಿ ಮರ ಗುರುತಿಸಲು ಬರುವುದಿಲ್ಲ. ಅದು ನನ್ನ ಗೆಳತಿ ರಕ್ಷಿತಾಳಿಗೆ ಮಾತ್ರ ಬರುತ್ತದೆ. ನನಗೆ ಮರಗಳ ಹೆಸರು ಕಲಿಸಿದವಳೂ ಅವಳೇ. ಅವಳು ಕೆಳಗೆ ನಿಲ್ಲದಿದ್ದರೆ ನಾನು ಹತ್ತಿ ಏನೂ ಉಪಯೋಗವಿಲ್ಲ.'

ಮೇಡಂ ಕಾಗದ ಕೆಳಗಿಟ್ಟರು. "ಈ ರಕ್ಷಿತಾ ಯಾಕ ಅರ್ಜಿ ಹಾಕಲಿಲ್ಲೋ ಏನೋ. ಹಾಕಿದ್ರ ಮೊದಲ ಸೀಟು ಆಕೀಗೇ ಇತ್ತು."

ಸುಮ್ಮನೆ ಎದ್ದು ಬಂದುಬಿಡಬಹುದಿತ್ತು. ಏಳಲಿಲ್ಲ.

"ಹಾಕಿದಾಳೆ ಮೇಡಂ. ಆ ಕಟ್ಟಿನಲ್ಲೇ ಇದೆ" ಎಂದೆ.

ಅವರು ಒಂದೊಂದಾಗಿ ತಿರುವಿ ಅವಳ ಹೆಸರಿದ್ದುದನ್ನು ತೆಗೆದರು. ಅದರಲ್ಲಿಯ ಮುತ್ತಿನಂಥ ಅಕ್ಷರ ನೋಡಿದರು. ನಾನು ಅಂಗಿಯೊಳಗಿನಿಂದ ನಾಲ್ಕು ಪುಟ ತೆಗೆದು ಪಕ್ಕದಲ್ಲಿ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅಷ್ಟು ಹೊತ್ತು ನಾನು ಗೋಡೆಯ ಮೇಲಿನ ಪೇರಲೆ ಹಣ್ಣಿನ ಚಿತ್ರ ನೋಡುತ್ತ ಕುಳಿತೆ.

"ಇದು ಎಲ್ಲಿತ್ರಿ?"

"ನನ್ನ ಡ್ರಾಯರಿನಲ್ಲಿ."

"ಅಜ್ಜಿನ್ನ ಕೊಂದವ್ರು ನೀವೇನ?"

"ಹೌದು ಮೇಡಂ. ನನ್ನ ತಾಯಿ. ಗಟ್ಟಿಮುಟ್ಟಾಗಿ ಇದಾಳೆ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೀಟು ತುಂಬಿದೆ, ಪಟ್ಟಿ ಮೇಲಿನವರಿಗೆ ಹೋಗಿಯಾಗಿದೆ, ಈಗ ಬದಲಿಸಲು ತಮ್ಮ ಕೈಯಲ್ಲಿಲ್ಲ ಎಂದರು. ನಾನು ಕೈ ಮುಗಿದೆ, ಕಾಲು ಹಿಡಿಯಲೂ ಬಗ್ಗಿದೆ. ಅವರು ಹಿಂದೆ ಸರಿದು, "ನಾಕನೇ ಪುಟ ಓದೀರೇನ್ರಿ ನೀವು?" ಎಂದು ಕೇಳಿದರು.

"ಇಲ್ಲ. ಒಂದೇ ಪುಟ ಓದಿದ್ದು."

"ಓದ್ರಿ" ಎಂದು ಕಾಗದಗಳನ್ನು ನನ್ನ ಕೈಗೆ ಕೊಟ್ಟರು.

ಯಲ್ಲಾಪುರದಿಂದ ಶಿರಸಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಓದಿದೆ.

'ಐದು ವರ್ಷದ ಯೋಜನೆ. ಮೊದಲ ವರ್ಷ: ತರಬೇತಿಯಲ್ಲಿ ಕಸಿ ಕಟ್ಟಲು ಕಲಿಯುತ್ತೇನೆ. ಎರಡನೇ ವರ್ಷ: ನಲವತ್ತೊಂದು ಮರಗಳಿಂದಲೂ ಕುಡಿ ತಂದು ಸಸಿ ಮಾಡುತ್ತೇನೆ. ದಂಡೆ ಕುಸಿದು ಏಳು ಮರ ಆಗಲೇ ವಾಲಿವೆ, ಬೇಗ ಮಾಡಬೇಕು. ಮೂರನೇ ವರ್ಷ: ಸಿದ್ದಾಪುರದಲ್ಲಿ ಒಂದು ನರ್ಸರಿ. ನಾಲ್ಕನೇ ವರ್ಷ: ಅಪ್ಪನನ್ನು ಅಂಗಡಿ ಬಿಡಿಸುತ್ತೇನೆ. ಅಪ್ಪನ ಅಕ್ಷರ ಬಹಳ ಚೆಂದ. ಆದರೆ ಇಷ್ಟು ವರ್ಷವೂ ಬೇರೆಯವರ ಹೆಸರಿನಲ್ಲೇ ಬರೆದಿದ್ದಾನೆ. ನನ್ನ ಪ್ರತಿ ಗಿಡಕ್ಕೂ ಹೆಸರಿನ ಚೀಟಿಯನ್ನು ಅಪ್ಪನೇ ಬರೆಯಬೇಕು. ಐದನೇ ವರ್ಷದ್ದು ಈಗಲೇ ಹೇಳಲು ತಿಳಿಯುವುದಿಲ್ಲ.'

ಪಕ್ಕದಲ್ಲಿ ಕುಳಿತಿದ್ದ ಹೆಂಗಸು, "ಯಾರಾದ್ರೂ ತೀರ್ಕೊಂಡ್ರಾ ಅಣ್ಣಾ?" ಎಂದು ಕೇಳಿದಳು. ಇಲ್ಲವೆಂದೆ. ಶಿರಸಿ ಬರುವವರೆಗೂ ಅವಳು ನನ್ನನ್ನೇ ನೋಡುತ್ತಿದ್ದಳು.

ಮನೆಯಲ್ಲಿ ಮೂವರೂ ಜಗುಲಿಯಲ್ಲಿ ಕಾಯುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಡ್ರಾಯರು, ಹೊಸ ಫಾರಂ, ಬೋರ್ಡು, ಹದಿನೇಳು ಜೆರಾಕ್ಸ್, ಒಂದನ್ನೂ ಬಿಡಲಿಲ್ಲ. ಮೊದಲು ಮಾತಾಡಿದವಳು ನನ್ನ ತಾಯಿ.

"ನನ್ನ ಕೊಂದ್ಯಾ? ಹದಿನೆಂಟು ಸಲ?"

"ಹೌದಮ್ಮ."

"ಬನ್ನು ತಿನ್ಸಿದ್ದು ಅದೇ ದಿನವಾ?"

"ಹೌದು."

"ಥೂ, ನಿನ್ನ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಸತ್ರೆ ಸತ್ತೆ. ಆ ಕೂಸಿನ ಮೂಗು ಕೊಯ್ದ್ಯಲ್ಲ, ಪಾಪಿ."

ತನುಜಾ ಬೈಯುತ್ತಾಳೆಂದು ಕಾದೆ. ಅವಳು ಒಳಗೆ ಹೋಗಿ ಹೊಸ ಬೆಡ್‌ಶೀಟನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದ ಸದ್ದು ಕೇಳಿತು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಸುಮ್ಮನಿದ್ದದ್ದು ಅದೊಂದೇ ಸಂಜೆ. ನನಗೆ ಬಹಳ ಭಯವಾಯಿತು.

ರಕ್ಷಿತಾ ಕೈ ಚಾಚಿದಳು. ನಾಲ್ಕು ಪುಟ ಕೊಟ್ಟೆ.

"ನಾಲ್ಕನೇದು ಯಾವಾಗ ಓದಿದ್ಯಪ್ಪ?"

"ಇವತ್ತು. ಬಸ್ಸಲ್ಲಿ."

"ಆವತ್ತೇ ಓದಿದ್ರೆ ಕಳಿಸ್ತಿದ್ಯಾ?"

ಕಳಿಸುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಹೇಳಲಾಗಲಿಲ್ಲ. ನನಗೆ ಗೊತ್ತಿಲ್ಲ ಎಂದೆ. ಅದು ನಿಜವೇ ಆಗಿತ್ತು. ಅವಳು ತಲೆಯಾಡಿಸಿದಳು. ನನ್ನ ಕಿಸೆಯಿಂದಲೇ ಪೆನ್ನು ತೆಗೆದುಕೊಂಡು ಜಗುಲಿಯ ಮೆಟ್ಟಿಲ ಮೇಲೆ ಕುಳಿತು ನಾಲ್ಕನೇ ಪುಟವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೊದಲ ವರ್ಷದ ಸಾಲು ಹೊಡೆದು ಹಾಕಿ, 'ದೇವಿ ರಜೆಗೆ ಬಂದಾಗ ಕೇಳಿ ಕಲಿಯುತ್ತೇನೆ' ಎಂದು ಮೇಲೆ ಬರೆದಳು. ಎರಡನೇ ವರ್ಷ, ಮೂರನೇ ವರ್ಷ ಹಾಗೇ ಬಿಟ್ಟಳು. ನಾಲ್ಕನೇ ವರ್ಷಕ್ಕೆ ಬಂದು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕುಳಿತಳು. ನಾನು ಅವಳ ಹಿಂದೆ ನಿಂತು ನೋಡುತ್ತಿದ್ದೆ.

ಆಮೇಲೆ ನಿಧಾನವಾಗಿ, ಒಂದೇ ಗೀಟಿನಲ್ಲಿ, ಅಪ್ಪ ಇದ್ದ ಸಾಲುಗಳನ್ನೆಲ್ಲ ಹೊಡೆದಳು. ಅದರ ಕೆಳಗೆ ಬರೆದಳು: 'ಚೀಟಿ ನಾನೇ ಬರೆದುಕೊಳ್ಳುತ್ತೇನೆ.'